ಚಿತ್ರ ಮುಗಿದಲ್ಲಿ ಫೈಲ್ ಮುಗಿಯುವುದಿಲ್ಲ

ಪರದೆಯ ಮೇಲೆ ಎರಡು ಫೋಟೊಗಳಿವೆ, ನೋಡಿ. ಎರಡೂ ಅದೇ ಹೂವು. ಎಡಗಡೆಯ ಫೈಲ್ 2,48,316 ಬೈಟ್ ಇದೆ, ಬಲಗಡೆಯದು 3,10,220 ಬೈಟ್. ದಳದ ಅಂಚು, ಎಲೆಯ ಮೇಲಿನ ನೀರಹನಿ, ಹಿಂದಿನ ಮಸುಕು ಎಲ್ಲವೂ ಒಂದೇ ಥರ. ಎಷ್ಟು ಹಿಗ್ಗಿಸಿ ನೋಡಿದರೂ ಒಂದು ಚುಕ್ಕಿಯ ಬಣ್ಣದಲ್ಲೂ ವ್ಯತ್ಯಾಸ ಸಿಗುವುದಿಲ್ಲ. ಹಾಗಿದ್ದರೆ ಬಲಗಡೆಯದಕ್ಕೆ ಹೆಚ್ಚಾದ ಆ 61,904 ಬೈಟ್ ಏನು? ಅದೊಂದು ಜಿಪ್ ಫೈಲ್, ಅಂದರೆ ಹಲವು ಫೈಲ್‌ಗಳನ್ನು ಒತ್ತಿ ಒಂದೇ ಕಟ್ಟಾಗಿಸಿದ ಫೈಲ್. ಅದರೊಳಗೆ ನನ್ನ ಕೆಲವು ಟಿಪ್ಪಣಿಗಳಿವೆ. ಅದನ್ನು ಹೂವಿನೊಳಗೆ ಇಡಲು ನಾನು ಯಾವ ತಂತ್ರಾಂಶವನ್ನೂ ಕೊಂಡು ತಂದಿಲ್ಲ. ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇರುವ ಒಂದೇ ಸಾಲಿನ ಕಮಾಂಡ್ ಸಾಕಾಯಿತು.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆಯುತ್ತೇವೆ:

ಕಾಪಿ /ಬಿ ಹೂವು.ಜೆಪಿಜಿ + ಗುಟ್ಟು.ಜಿಪ್ ಹೊಸಹೂವು.ಜೆಪಿಜಿ

ಲಿನಕ್ಸ್ ಅಥವಾ ಮ್ಯಾಕ್ ಆದರೆ ಹೀಗೆ:

ಕ್ಯಾಟ್ ಹೂವು.ಜೆಪಿಜಿ ಗುಟ್ಟು.ಜಿಪ್ > ಹೊಸಹೂವು.ಜೆಪಿಜಿ

(ಸಭೆಯಲ್ಲಿ ಬಾಯಿಬಿಟ್ಟು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.)

ಅಷ್ಟೇ. ಹೊಸಹೂವು.ಜೆಪಿಜಿ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೂವು ಕಾಣುತ್ತದೆ. ಅದೇ ಫೈಲನ್ನು ಜಿಪ್ ತೆರೆಯುವ ಸೆವೆನ್-ಜಿಪ್ ಎಂಬ ಪ್ರೋಗ್ರಾಂನಿಂದ ತೆರೆದರೆ ಟಿಪ್ಪಣಿಗಳು ಕಾಣುತ್ತವೆ. ಹೆಸರು ಬದಲಿಸಿಲ್ಲ, ಏನನ್ನೂ ಬಿಡಿಸಿಲ್ಲ. ಫೈಲ್ ಒಂದೇ ಆದರೂ ಕೇಳುವವರು ಯಾರು ಎಂಬುದರ ಮೇಲೆ ಉತ್ತರ ಬೇರೆಯಾಗುತ್ತದೆ. ಹೀಗೇಕೆ ಆಗುತ್ತದೆ ಎಂದು ತಿಳಿದರೆ ಈ ಕಮಾಂಡ್ ಬರಿಯ ಚಮತ್ಕಾರವಾಗಿ ಉಳಿಯುವುದಿಲ್ಲ. ಅದಕ್ಕೇ ಇವತ್ತಿನ ಹೆಚ್ಚಿನ ಸಮಯವನ್ನು ಆ ‘ಏಕೆ’ಗೆ ಕೊಡುತ್ತೇನೆ.

ಜೆಪೆಗ್ ಫೈಲ್, ಅಂದರೆ ಹೆಸರಿನ ಕೊನೆಗೆ .ಜೆಪಿಜಿ ಇರುವ ಚಿತ್ರ, ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ (ಒಂದೊಂದು ಬೈಟನ್ನೂ ಹೀಗೆ ಅಂಕಿ ಅಥವಾ ಅಕ್ಷರಗಳ ಜೋಡಿಯಾಗಿ ಬರೆಯುವುದು ವಾಡಿಕೆ). ಕೊನೆಯಲ್ಲಿ ಎಫ್‌ಎಫ್ ಡಿ9 ಎಂಬ ಎರಡು ಬೈಟ್ ಇರುತ್ತವೆ, ‘ಚಿತ್ರ ಮುಗಿಯಿತು’ ಎಂಬ ಗುರುತು ಅದು. ಚಿತ್ರ ತೋರಿಸುವ ಪ್ರೋಗ್ರಾಂ ಮೊದಲ ಬೈಟಿನಿಂದ ಓದುತ್ತಾ ಬರುತ್ತದೆ, ಆ ಗುರುತು ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಆಮೇಲೂ ಫೈಲ್ ಮುಂದುವರಿದಿದೆಯೇ ಎಂದು ಅದು ನೋಡುವುದೇ ಇಲ್ಲ. ಅದಕ್ಕೆ ಬೇಕಾದ ಹೂವು ಪೂರ್ತಿ ಸಿಕ್ಕಾಯಿತು. ಪಿಎನ್‌ಜಿ ಎಂಬ ಇನ್ನೊಂದು ಚಿತ್ರ ಸ್ವರೂಪದಲ್ಲೂ ಹೀಗೇ ಒಂದು ಕೊನೆಯ ತುಂಡು ಇದೆ, ಅದರ ಹೆಸರು ಐಎಂಡ್. ಜಿಫ್ ಎಂಬ ಮತ್ತೊಂದರಲ್ಲಿ 3ಬಿ ಎಂಬ ಒಂದೇ ಬೈಟ್ ಆ ಕೆಲಸ ಮಾಡುತ್ತದೆ.

ಜಿಪ್‌ನದು ಇದಕ್ಕೆ ಪೂರ್ತಿ ತಿರುಗುಮುರುಗು. 1989ರಲ್ಲಿ ಫಿಲ್ ಕಾಟ್ಸ್ ಈ ಸ್ವರೂಪವನ್ನು ತಂದಾಗ ಒಳಗಿರುವ ಫೈಲ್‌ಗಳ ಪಟ್ಟಿಯನ್ನು ಮೊದಲ ಪುಟದಲ್ಲಿ ಇಡದೆ ಕಟ್ಟಕಡೆಯಲ್ಲಿ ಇಟ್ಟರು. ಹಾಗಿಟ್ಟರೆ ಹಳೆಯ ಜಿಪ್‌ಗೆ ಹೊಸ ಫೈಲ್ ಸೇರಿಸುವುದು ಸುಲಭ: ಹೊಸದನ್ನು ಕೊನೆಗೆ ಬರೆದು, ಅದರ ನಂತರ ಹೊಸ ಪಟ್ಟಿ ಬರೆದರಾಯಿತು. ಹಾಗಾಗಿ ಜಿಪ್ ತೆರೆಯುವ ಪ್ರೋಗ್ರಾಂ ಫೈಲಿನ ಬಾಲದಿಂದ ಹಿಂದಕ್ಕೆ ಹುಡುಕುತ್ತಾ ಬರುತ್ತದೆ. ಪಿ, ಕೆ, 05, 06 ಎಂಬ ನಾಲ್ಕು ಬೈಟ್‌ಗಳ ಗುರುತು ಸಿಗುವವರೆಗೂ ಹುಡುಕುತ್ತದೆ. ಪಿ ಮತ್ತು ಕೆ, ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳು. ಆ ಗುರುತಿನಿಂದ ಶುರುವಾಗುವ ಕೊನೆಯ ದಾಖಲೆ ಕಡಿಮೆಯೆಂದರೆ 22 ಬೈಟ್ ಇರುತ್ತದೆ. ಅದರ ನಂತರ 65,535 ಬೈಟ್‌ವರೆಗೂ ಒಂದು ಟಿಪ್ಪಣಿ ಇರಬಹುದು, ಆದ್ದರಿಂದ ಸ್ವಲ್ಪ ಹಿಂದಕ್ಕೆ ತಡಕಾಡುವುದು ಅದಕ್ಕೆ ಅನಿವಾರ್ಯ. ಫೈಲಿನ ತಲೆಯ ಕಡೆ ಏನಿದೆ ಎಂಬುದು ಅದಕ್ಕೆ ಮುಖ್ಯವೇ ಅಲ್ಲ. ತಾನೇ ಬಿಚ್ಚಿಕೊಳ್ಳುವ ಜಿಪ್‌ಗಳು ನಿಮಗೆ ನೆನಪಿರಬಹುದು, ಕ್ಲಿಕ್ ಮಾಡಿದರೆ ಸಾಕು, ಒಳಗಿನದೆಲ್ಲ ಹೊರಬರುತ್ತಿತ್ತು. ಅವೂ ಹೀಗೇ, ಮುಂದೆ ಒಂದು ಚಿಕ್ಕ ಪ್ರೋಗ್ರಾಂ, ಹಿಂದೆ ಜಿಪ್.

ಒಂದು ಪ್ರೋಗ್ರಾಂ ತಲೆಯಿಂದ ಓದುತ್ತದೆ, ಇನ್ನೊಂದು ಬಾಲದಿಂದ ಓದುತ್ತದೆ. ನಾವು ಮಾಡಿದ್ದು ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ದು, ಅಷ್ಟೇ.

ಈಗ ಒಂದು ಪುಟ್ಟ ವಿಷಯ ತೋರಿಸುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಲಿನಕ್ಸ್‌ನ ಅನ್‌ಜಿಪ್ ಕಮಾಂಡಿಗೆ ಹೊಸಹೂವನ್ನು ಕೊಡೋಣ. ಟಿಪ್ಪಣಿಗಳು ಹೊರಬಂದವು, ಆದರೆ ಮೊದಲು ಒಂದು ಎಚ್ಚರಿಕೆ ಬಂತು: ಜಿಪ್‌ನ ಆರಂಭದಲ್ಲಿ 248316 ಬೈಟ್ ಹೆಚ್ಚಾಗಿವೆ, ಆದರೂ ಪ್ರಯತ್ನಿಸುತ್ತೇನೆ ಎಂದು. ಆ ಸಂಖ್ಯೆಯನ್ನು ಗಮನಿಸಿ. ಎಡಗಡೆಯ ಹೂವಿನ ಅಳತೆಯೇ ಅದು. ಜಿಪ್‌ನ ಕೊನೆಯ ಪಟ್ಟಿಯಲ್ಲಿ ‘ಮೊದಲ ಫೈಲ್ ಸೊನ್ನೆಯನೆಯ ಬೈಟಿನಲ್ಲಿದೆ’ ಎಂದು ಬರೆದಿತ್ತು. ಮುಂದೆ ಹೂವು ಬಂದು ಕೂತಿದ್ದರಿಂದ ಎಲ್ಲ ವಿಳಾಸಗಳೂ ಅಷ್ಟಷ್ಟೇ ಮುಂದಕ್ಕೆ ಸರಿದುಹೋದವು. ಅನ್‌ಜಿಪ್ ಆ ಅಂತರವನ್ನು ಲೆಕ್ಕಹಾಕಿ ಸರಿಪಡಿಸಿಕೊಂಡಿತು. ಎಲ್ಲ ಪ್ರೋಗ್ರಾಂಗಳಿಗೂ ಇಷ್ಟು ತಾಳ್ಮೆ ಇರುವುದಿಲ್ಲ. ಅಂಥ ಕಡೆ ‘ಜಿಪ್ -ಎ’ ಎಂದು, ಎ ಅನ್ನು ದೊಡ್ಡಕ್ಷರದಲ್ಲಿ ಬರೆದು, ಹೊಸಹೂವಿನ ಹೆಸರು ಕೊಟ್ಟರೆ ವಿಳಾಸಗಳೆಲ್ಲ ತಿದ್ದಲ್ಪಡುತ್ತವೆ, ಎಚ್ಚರಿಕೆಯೂ ಬರುವುದಿಲ್ಲ.

ಮೊದಲ ಕಮಾಂಡಿನಲ್ಲಿದ್ದ /ಬಿ ಯಾಕೆ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬಿ ಎಂದರೆ ಬೈನರಿ. ಅದನ್ನು ಬಿಟ್ಟು ಫೈಲ್‌ಗಳನ್ನು ಜೋಡಿಸಹೊರಟರೆ ವಿಂಡೋಸ್‌ನ ಕಾಪಿ ಅವುಗಳನ್ನು ಬರಹದ ಫೈಲ್‌ಗಳೆಂದೇ ಭಾವಿಸುತ್ತದೆ. 1ಎ ಎಂಬ ಬೈಟ್ ಸಿಕ್ಕಿದಲ್ಲಿ ‘ಬರಹ ಮುಗಿಯಿತು’ ಎಂದು ನಿಲ್ಲಿಸಿಬಿಡುತ್ತದೆ. ಇದು ಸಿಪಿ/ಎಂ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಕಾಲದ ಪದ್ಧತಿ. ಅಲ್ಲಿ ಫೈಲಿನ ಉದ್ದವನ್ನು ಬೈಟ್ ಲೆಕ್ಕದಲ್ಲಿ ಇಡುತ್ತಿರಲಿಲ್ಲ, 128 ಬೈಟ್‌ಗಳ ತುಂಡುಗಳ ಲೆಕ್ಕದಲ್ಲಿ ಇಡುತ್ತಿದ್ದರು. ಕೊನೆಯ ತುಂಡಿನಲ್ಲಿ ಬರಹ ನಿಜವಾಗಿ ಎಲ್ಲಿ ಮುಗಿಯಿತು ಎಂದು ತಿಳಿಸಲು ಒಂದು ಗುರುತು ಬೇಕಿತ್ತು, ಅದೇ ಕಂಟ್ರೋಲ್-ಝಡ್, ಅಂದರೆ ಈ 1ಎ. ಆ ವ್ಯವಸ್ಥೆ ಹೋಯಿತು, ಗುರುತು ಮಾತ್ರ ಇವತ್ತಿನ ಕಮಾಂಡಿನಲ್ಲೂ ಉಳಿದಿದೆ.

ಪಿಎನ್‌ಜಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪ್ರತಿ ಪಿಎನ್‌ಜಿ ಫೈಲೂ ಎಂಟು ನಿಗದಿತ ಬೈಟ್‌ಗಳಿಂದ ಆರಂಭವಾಗುತ್ತದೆ: 89, 50, 4ಇ, 47, 0ಡಿ, 0ಎ, 1ಎ, 0ಎ. ಏಳನೆಯದು ನೋಡಿ, ಅದೇ 1ಎ. ಇದು ಅಪ್ಪಿತಪ್ಪಿ ಬಂದದ್ದಲ್ಲ. ಯಾರಾದರೂ ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯಲ್ಲಿ ಚಿತ್ರವನ್ನು ಬರಹದಂತೆ ಪರದೆಗೆ ತರಹೊರಟರೆ ಕಸದ ಅಕ್ಷರಗಳು ಪರದೆ ತುಂಬದೆ ಅಲ್ಲೇ ನಿಲ್ಲಲಿ ಎಂದು ಪಿಎನ್‌ಜಿ ರೂಪಿಸಿದವರು ಬೇಕೆಂದೇ ಇಟ್ಟದ್ದು. ಈಗ /ಬಿ ಬಿಟ್ಟು ಜೋಡಿಸಿದರೆ ಇಡೀ ಚಿತ್ರದಿಂದ ಬರುವುದು ಮೊದಲ ಆರು ಬೈಟ್ ಮಾತ್ರ. ಇನ್ನೊಂದು ಮಾತು. ಇದನ್ನು ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಮಾಡಲು ಹೋಗಬೇಡಿ. ಅಲ್ಲಿ ಕಾಪಿ ಎಂಬುದು ಬೇರೆಯೇ ಕಮಾಂಡಿನ ಅಡ್ಡಹೆಸರು, /ಬಿ ಅದಕ್ಕೆ ಅರ್ಥವಾಗುವುದಿಲ್ಲ. ಹಳೆಯ ಕಮಾಂಡ್ ಪ್ರಾಂಪ್ಟೇ ಬೇಕು.

ಇಷ್ಟು ಕಲಿತ ಹೊಸದರಲ್ಲಿ ನನಗಾದ ಒಂದು ನಷ್ಟವನ್ನು ಹೇಳುತ್ತೇನೆ. ನಮ್ಮ ತಾಯಿ ಬರೆದಿದ್ದ ಕೆಲವು ಕಾಗದಗಳನ್ನು ಸ್ಕ್ಯಾನ್ ಮಾಡಿ ಜಿಪ್‌ಗೆ ಹಾಕಿ ಅವರದೇ ಒಂದು ಫೋಟೊದ ಬೆನ್ನಿಗೆ ಅಂಟಿಸಿಟ್ಟಿದ್ದೆ. ಮುಖ ನೋಡಿದರೆ ಮಾತೂ ಅಲ್ಲೇ ಇದೆ ಎಂಬ ಭಾವನೆ ನನಗೆ ಹಿತವಾಗಿತ್ತು. ಕೆಲವು ತಿಂಗಳ ನಂತರ ಆ ಫೋಟೊ ಅಡ್ಡಡ್ಡ ಕಾಣುತ್ತಿದೆ ಎಂದು ನೆಟ್ಟಗೆ ತಿರುಗಿಸಿ ಸೇವ್ ಒತ್ತಿದೆ. ಫೋಟೊ ನೆಟ್ಟಗಾಯಿತು, ಕಾಗದಗಳು ಹೋದವು. ಬೇರೆ ಪ್ರತಿ ಇಟ್ಟಿರಲಿಲ್ಲ, ಮೂಲ ಕಾಗದಗಳೂ ಅಷ್ಟರಲ್ಲಿ ಕೈತಪ್ಪಿದ್ದವು. ಆ ಎಡಿಟರ್ ಪ್ರೋಗ್ರಾಂನ ತಪ್ಪು ಏನೂ ಇರಲಿಲ್ಲ. ಅದು ಎಫ್‌ಎಫ್ ಡಿ9ರ ತನಕ ಓದಿತು, ಓದಿದ ಚಿತ್ರವನ್ನು ತಿರುಗಿಸಿತು, ಹೊಸ ಫೈಲಾಗಿ ಬರೆಯಿತು. ಬಾಲವನ್ನು ಅದು ಕಂಡೇ ಇರಲಿಲ್ಲ.

ಮೆಸೇಜಿಂಗ್ ಆ್ಯಪ್‌ಗಳಲ್ಲೂ ಸಾಮಾಜಿಕ ಜಾಲತಾಣಗಳಲ್ಲೂ ಆಗುವುದು ಇದೇ. ಫೋಟೊ ಕಳುಹಿಸಿದ ಕೂಡಲೇ ಅವುಗಳಲ್ಲಿ ಹೆಚ್ಚಿನವು ಅದನ್ನು ಚಿಕ್ಕದು ಮಾಡಿ ಮತ್ತೆ ಬರೆಯುತ್ತವೆ. ಆ ಕಡೆಯವರಿಗೆ ಸಿಗುವುದು ಬರೀ ಹೂವು. ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಬೈಟ್‌ಗಳು ಹಾಗೇ ತಲುಪುತ್ತವೆ. ಒಂದೇ ಒಂದು ಪ್ರತಿ ಇರುವ ವಸ್ತುವನ್ನು ದಯವಿಟ್ಟು ಹೀಗೆ ಇಡಬೇಡಿ.

ಇನ್ನು ಈ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು. ಅಡಗಿಸುವುದು ಬೇರೆ, ಬೀಗ ಹಾಕುವುದು ಬೇರೆ. ಈ ಕಮಾಂಡ್ ಮಾಡುವುದು ಅಡಗಿಸುವ ಕೆಲಸ ಮಾತ್ರ, ಅದೂ ತೀರ ತೆಳುವಾದ ಪರದೆಯ ಹಿಂದೆ. ಹೊಸಹೂವನ್ನು ಬೈಟ್‌ಗಳಾಗಿ ತೋರಿಸುವ ಎಕ್ಸ್‌ಎಕ್ಸ್‌ಡಿ ಕಮಾಂಡಿಗೆ ಕೊಟ್ಟು ಕೊನೆಗೆ ಹೋಗೋಣ. ಬಲಬದಿಯ ಕಾಲಂನಲ್ಲಿ ನೋಡಿ, ಪಿಕೆ ಎಂಬ ಅಕ್ಷರಗಳು, ಅದರ ಪಕ್ಕದಲ್ಲೇ ನನ್ನ ಫೈಲಿನ ಹೆಸರು, ಅಕ್ಷರ ಅಕ್ಷರವಾಗಿ. ಇಷ್ಟೂ ಬೇಡ, ಬಿನ್‌ವಾಕ್ ಎಂಬ ಉಚಿತ ಸಾಧನಕ್ಕೆ ಕೊಟ್ಟರೆ ‘ಇಲ್ಲಿ ಜೆಪೆಗ್, ಇಷ್ಟನೆಯ ಬೈಟಿನಿಂದ ಜಿಪ್’ ಎಂದು ಅದೇ ಪಟ್ಟಿ ಮಾಡಿಕೊಡುತ್ತದೆ. ತಿಳಿದವರ ಕೈಗೆ ಸಿಕ್ಕರೆ ಗುಟ್ಟು ರಟ್ಟಾಗಲು ಒಂದು ನಿಮಿಷ ಬೇಕಿಲ್ಲ. 1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಸೇನೆಯ ಗೂಢಲಿಪಿಗಳ ಬಗ್ಗೆ ಬರೆಯುತ್ತಾ ಒಂದು ನಿಯಮ ಇಟ್ಟರು: ನಿಮ್ಮ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟೆಲ್ಲ ಕೀಲಿಯಲ್ಲೇ ಇರಬೇಕು. ನಮ್ಮ ಹೂವು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕೀಲಿಯೇ ಇಲ್ಲ.

ಹಾಗಾಗಿ ಮೊದಲು ಬೀಗ, ಆಮೇಲೆ ಅಡಗಿಸುವುದು. ಜಿಪ್‌ನ ಹಳೆಯ ಪಾಸ್‌ವರ್ಡ್ ವಿಧಾನವನ್ನು ನಂಬಬೇಡಿ. ಒಳಗಿನ ಬರಹದ ಒಂದು ತುಣುಕು ಗೊತ್ತಿದ್ದರೆ ಅದನ್ನು ಮುರಿಯಬಹುದೆಂದು ಎಲಿ ಬಿಹಾಮ್ ಮತ್ತು ಪಾಲ್ ಕೋಚರ್ 1994ರಲ್ಲೇ ತೋರಿಸಿದ್ದಾರೆ. ಸೆವೆನ್-ಜಿಪ್‌ನಲ್ಲಿ ಎಇಎಸ್-256 ಎಂಬ ಗಟ್ಟಿಯಾದ ಗೂಢಲಿಪಿ ವಿಧಾನ ಇದೆ, ಅದನ್ನು ಆರಿಸಿ. ಆದರೂ ಜಿಪ್ ಸ್ವರೂಪದಲ್ಲಿ ಒಂದು ಕೊರತೆ ಉಳಿಯುತ್ತದೆ: ಪಾಸ್‌ವರ್ಡ್ ಹಾಕಿದರೂ ಫೈಲ್‌ಗಳ ಹೆಸರು ಹೊರಗೆ ಕಾಣುತ್ತಲೇ ಇರುತ್ತದೆ. ‘ವೈದ್ಯಕೀಯ ವರದಿ’ ಎಂಬ ಹೆಸರೇ ಕಂಡಮೇಲೆ ಅರ್ಧ ಗುಟ್ಟು ಹೋದ ಹಾಗೆ. ಅದಕ್ಕೆ ನಾನು ಮಾಡುವುದು ಹೀಗೆ. ಮೊದಲು ಸೆವೆನ್-ಜಿಪ್‌ನದೇ ಆದ 7ಝಡ್ ಸ್ವರೂಪದಲ್ಲಿ ‘ಹೆಸರುಗಳನ್ನೂ ಗೂಢಲಿಪಿಗೊಳಿಸು’ ಎಂಬ ಆಯ್ಕೆಗೆ ಗುರುತು ಹಾಕಿ ಬೀಗ ಹಾಕುತ್ತೇನೆ. ಆ ಒಂದು ಫೈಲಿಗೆ ಅರ್ಥವಿಲ್ಲದ ಹೆಸರು ಕೊಟ್ಟು ಸಾದಾ ಜಿಪ್‌ನಲ್ಲಿ ಇಡುತ್ತೇನೆ, ಆ ಜಿಪ್ಪನ್ನು ಹೂವಿನ ಬೆನ್ನಿಗೆ ಅಂಟಿಸುತ್ತೇನೆ. ಯಾರಾದರೂ ತೆರೆದು ನೋಡಿದರೆ ಒಂದು ಹೆಸರು ಮಾತ್ರ ಕಾಣುತ್ತದೆ, ಮುಂದೆ ಬೀಗ.

ಅಂಟಿಸುವ ಬದಲು ಚಿತ್ರದ ಚುಕ್ಕಿಗಳಲ್ಲೇ ಬೆರೆಸುವ ವಿಧಾನವೂ ಇದೆ. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿ ಅಂಕಿಗಳ ಕಟ್ಟಕಡೆಯ ಬಿಟ್ಟನ್ನು (ಎಂಟು ಬಿಟ್ ಸೇರಿದರೆ ಒಂದು ಬೈಟ್) ಬದಲಿಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸಾವಿರಕ್ಕೆ ಸಾವಿರ ಚುಕ್ಕಿಯ ಚಿತ್ರದಲ್ಲಿ ಹೀಗೆ 3,75,000 ಬೈಟ್ ಹಿಡಿಸುತ್ತದೆ. ಫೈಲಿನ ಬಾಲದಲ್ಲಿ ಏನೂ ಇರುವುದಿಲ್ಲ. 1983ರಲ್ಲಿ ಗುಸ್ತಾವಸ್ ಸಿಮನ್ಸ್ ಈ ಸಮಸ್ಯೆಯನ್ನು ಒಂದು ಚಿತ್ರದಂತೆ ಕಟ್ಟಿಕೊಟ್ಟಿದ್ದರು: ಬೇರೆ ಬೇರೆ ಕೋಣೆಯ ಇಬ್ಬರು ಕೈದಿಗಳು ಕಾಗದ ಬರೆದುಕೊಳ್ಳಬಹುದು, ಆದರೆ ಕಾವಲಿನವನು ಪ್ರತಿಯೊಂದನ್ನೂ ಓದಿಯೇ ಕೊಡುತ್ತಾನೆ, ಅನುಮಾನ ಬಂದರೆ ಕಾಗದವೇ ನಿಂತುಹೋಗುತ್ತದೆ. ಅದು ದೊಡ್ಡ ಶಾಸ್ತ್ರ, ಸಾದಾ ಕಮಾಂಡುಗಳ ಅಳವಿಗೆ ಮೀರಿದ್ದು. ಇವತ್ತು ಅಲ್ಲಿಗೆ ಹೋಗುವುದಿಲ್ಲ.

ನಾನು ಹೋಗಬೇಕೆಂದಿರುವುದು ಇನ್ನೊಂದು ದಿಕ್ಕಿಗೆ. ಇದುವರೆಗೆ ನಾವಾಗಿಯೇ ಬಚ್ಚಿಟ್ಟದ್ದರ ಮಾತಾಯಿತು. ನಮಗೆ ಗೊತ್ತಿಲ್ಲದೆ ಅಂಟಿಕೊಂಡಿರುವ ಬಾಲಗಳ ಗತಿ ಏನು?

ಮೊದಲನೆಯದು ನಿರಪಾಯದ್ದು. ಹಲವು ಫೋನುಗಳಲ್ಲಿ ಫೋಟೊ ತೆಗೆದರೆ ಒಂದೆರಡು ಕ್ಷಣದ ವಿಡಿಯೊವೂ ಜೊತೆಗೆ ಉಳಿಯುತ್ತದೆ, ಬೆರಳಿಟ್ಟರೆ ಚಿತ್ರ ಚಲಿಸುತ್ತದೆ. ಮೋಶನ್ ಫೋಟೊ ಎನ್ನುತ್ತಾರೆ. ಆ ವಿಡಿಯೊ ಎಲ್ಲಿರುತ್ತದೆ ಗೊತ್ತೆ? ಜೆಪೆಗ್‌ನ ಬೆನ್ನಿಗೆ, ಎಂಪಿ4 ಆಗಿ, ನಾವು ಜಿಪ್ ಅಂಟಿಸಿದ ಹಾಗೆಯೇ. ನೀವು ಒಂದು ನಗುಮುಖದ ಫೋಟೊವನ್ನು ಮೂಲ ಫೈಲಾಗಿ ಕಳುಹಿಸಿದಾಗ ಆ ನಗುವಿಗೆ ಮುಂಚಿನ ಕ್ಷಣವೂ ಜೊತೆಗೆ ಹೋಗಿರಬಹುದು, ಆಗ ಆಡಿದ ಮಾತೂ ಹೋಗಿರಬಹುದು.

ಎರಡನೆಯದು ಅಪಾಯದ್ದು. 2008ರಲ್ಲಿ ಭದ್ರತಾ ಸಂಶೋಧಕರು ಜಿಫ್ ಚಿತ್ರದ ಬೆನ್ನಿಗೆ ಜಾವಾ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇರುವ ಜಾರ್ ಫೈಲ್ ಅಂಟಿಸಿ ತೋರಿಸಿದರು. ಜಾರ್ ಎಂದರೆ ಒಳಗೆ ಜಿಪ್ಪೇ. ಒಂದು ಜಾಲತಾಣ ‘ನಿಮ್ಮ ಫೋಟೊ ಹಾಕಿ’ ಎಂದು ಕೇಳಿದರೆ ಈ ಫೈಲನ್ನು ಕೊಟ್ಟುಬಿಡುವುದು. ತಾಣಕ್ಕೆ ಅದು ಚಿತ್ರ, ಆಗ ಬ್ರೌಸರಿನೊಳಗೆ ಇರುತ್ತಿದ್ದ ಜಾವಾಕ್ಕೆ ಅದೇ ಪ್ರೋಗ್ರಾಂ, ಅದೂ ಆ ತಾಣದ್ದೇ ಪ್ರೋಗ್ರಾಂ ಎಂಬ ನಂಬಿಕೆಯೊಂದಿಗೆ. ಇದಕ್ಕೆ ಜಿಫಾರ್ ಎಂದು ಹೆಸರು ಬಿತ್ತು. ಬಳಕೆದಾರರು ಕೊಟ್ಟ ಚಿತ್ರವನ್ನು ತಾಣಗಳು ಹಾಗೆಯೇ ಇಟ್ಟುಕೊಳ್ಳದೆ ಮರುಬರೆಯುವುದಕ್ಕೆ ಇಂಥ ಕಾರಣಗಳೂ ಇವೆ. ಆದರೆ ಮರುಬರೆಯುವುದರಲ್ಲೂ ಕಣ್ತಪ್ಪುತ್ತದೆ. 2021ರ ಮಾರ್ಚ್‌ನಲ್ಲಿ ಡೇವಿಡ್ ಬುಕಾನನ್ ಎಂಬ ಸಂಶೋಧಕ ಟ್ವಿಟರ್‌ಗೆ ಹಾಕಿದ ಪಿಎನ್‌ಜಿಗಳಲ್ಲಿ ಸುಮಾರು 3 ಎಂಬಿವರೆಗೆ ಬೇರೆ ಫೈಲ್ ಅಡಗಿಸಿ ತೋರಿಸಿದರು. ಬಾಲದಲ್ಲಿ ಇಟ್ಟದ್ದು ಅಲ್ಲಿ ಉಳಿಯುತ್ತಿರಲಿಲ್ಲ. ಅವರು ಚಿತ್ರದ ಹೊಟ್ಟೆಯಲ್ಲಿ, ಒತ್ತಿಟ್ಟ ಚುಕ್ಕಿಗಳ ದತ್ತಾಂಶ ಮುಗಿದ ಜಾಗದಲ್ಲಿ ಇಟ್ಟಿದ್ದರು.

ಅದೇ ಬುಕಾನನ್, ಸೈಮನ್ ಆರನ್ಸ್ ಜೊತೆಗೂಡಿ 2023ರ ಮಾರ್ಚ್‌ನಲ್ಲಿ ಹೊರಗೆಡಹಿದ ವಿಷಯ ನನ್ನನ್ನು ನಿಜಕ್ಕೂ ಕದಲಿಸಿತು. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಮಾರ್ಕಪ್ ಎಂಬ ಸಾಧನವಿದೆ, ಸ್ಕ್ರೀನ್‌ಶಾಟನ್ನು ಕತ್ತರಿಸಲು, ಬೇಡದ ಕಡೆ ಬಳಿಯಲು. ಕತ್ತರಿಸಿದ ಚಿತ್ರ ಚಿಕ್ಕದು, ಮೂಲ ಚಿತ್ರ ದೊಡ್ಡದು. ಸಾಧನ ಚಿಕ್ಕದನ್ನು ದೊಡ್ಡದರ ಮೇಲೆಯೇ ಬರೆಯುತ್ತಿತ್ತು, ಆದರೆ ಉಳಿದ ಉದ್ದವನ್ನು ಕತ್ತರಿಸುತ್ತಿರಲಿಲ್ಲ. ಉದ್ದನೆಯ ಸಾಲನ್ನು ಅಳಿಸದೆ ಅದರ ಮೊದಲರ್ಧದ ಮೇಲೆ ಚಿಕ್ಕ ಸಾಲು ಬರೆದಂತೆ. ಹೊಸ ಚಿತ್ರದ ಐಎಂಡ್ ಆದಮೇಲೆ ಹಳೆಯ ಚಿತ್ರದ ಉಳಿಕೆ ಹಾಗೇ ಬಿದ್ದಿರುತ್ತಿತ್ತು. ನೋಡುವ ಪ್ರೋಗ್ರಾಂ ಐಎಂಡ್‌ನಲ್ಲಿ ನಿಂತಿತು, ನೋಡುವವರಿಗೆ ಏನೂ ಕಾಣಲಿಲ್ಲ. ಆ ಉಳಿಕೆ ಮಧ್ಯದಿಂದ ಶುರುವಾಗುವ ತುಂಡಾಗಿದ್ದರೂ ಅದರಿಂದ ಚಿತ್ರವನ್ನು ಭಾಗಶಃ ಮರಳಿ ಪಡೆಯುವ ದಾರಿಯನ್ನು ಬುಕಾನನ್ ಕಂಡುಹಿಡಿದರು. ಕಾರ್ಡಿನ ಸಂಖ್ಯೆಯನ್ನೋ ಮನೆಯ ವಿಳಾಸವನ್ನೋ ಕತ್ತರಿಸಿ, ಇನ್ನು ಕಾಣುವುದಿಲ್ಲ ಎಂದು ನಂಬಿ ಹಂಚಿಕೊಂಡವರನ್ನು ನೆನೆಸಿಕೊಳ್ಳಿ. ಭದ್ರತಾ ದೋಷಗಳ ಪಟ್ಟಿಯಲ್ಲಿ ಇದಕ್ಕೆ ಸಿವಿಇ-2023-21036 ಎಂಬ ಸಂಖ್ಯೆ ಸಿಕ್ಕಿತು, ತಿದ್ದುಪಡಿಯೂ ಬಂತು. ಕೆಲವೇ ದಿನಗಳಲ್ಲಿ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅದೇ ದೋಷ ಕಂಡುಬಂದು ಅದನ್ನೂ ಸರಿಪಡಿಸಿದರು. ಆದರೆ ಅಷ್ಟರಲ್ಲಾಗಲೇ ಹಂಚಿಹೋಗಿದ್ದ ಚಿತ್ರಗಳನ್ನು ಯಾವ ತಿದ್ದುಪಡಿಯೂ ಹಿಂದಕ್ಕೆ ಕರೆಯಲಾರದು.

ಎರಡು ಪ್ರಶ್ನೆಗಳು ಬಂದವು. ಜಿಪ್ ಬದಲು ಬೇರೆ ಯಾವುದಾದರೂ ಫೈಲ್, ಒಂದು ಹಾಡೋ ಬರಹವೋ, ಅಂಟಿಸಬಹುದೆ ಎಂಬುದು ಒಂದು. ಖಂಡಿತ. ಆದರೆ ಅದನ್ನು ತೆರೆಯುವ ಪ್ರೋಗ್ರಾಂಗೆ ಬಾಲದಿಂದ ಹುಡುಕುವ ಅಭ್ಯಾಸ ಇಲ್ಲದಿದ್ದರೆ ನಾವೇ ಕತ್ತರಿಸಿ ಕೊಡಬೇಕು. ಲಿನಕ್ಸ್‌ನಲ್ಲಿ ‘ಟೇಲ್ -ಸಿ +248317 ಹೊಸಹೂವು.ಜೆಪಿಜಿ > ಹೊರಗೆ’ ಎಂದರೆ ಹೂವು ಮುಗಿದ ಮರುಬೈಟಿನಿಂದ ಕೊನೆಯವರೆಗೆ ಎಲ್ಲವೂ ಹೊರಬರುತ್ತದೆ. ಚಿತ್ರದ ಅಳತೆಗೆ ಒಂದು ಕೂಡಿಸಬೇಕು ಎಂಬುದು ಮಾತ್ರ ನೆನಪಿರಲಿ.

ಇನ್ನೊಂದು, ನಮ್ಮ ಹಳೆಯ ಫೋಟೊಗಳಿಗೆ ಬಾಲ ಇದೆಯೇ ಎಂದು ತಿಳಿಯುವುದು ಹೇಗೆ ಎಂಬುದು. ಮೊದಲ ಎಫ್‌ಎಫ್ ಡಿ9 ಹುಡುಕಿ ಅದರ ನಂತರ ಏನಿದ್ದರೂ ಬಾಲ ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಕ್ಯಾಮೆರಾ ಫೋಟೊಗಳ ಆರಂಭದಲ್ಲೇ ಅದೇ ಫೋಟೊದ ಒಂದು ಪುಟ್ಟ ಪ್ರತಿ ಇರುತ್ತದೆ, ಅದೂ ಜೆಪೆಗ್ ಆಗಿರುವುದರಿಂದ ಅದಕ್ಕೂ ತನ್ನದೇ ಎಫ್‌ಎಫ್ ಡಿ9 ಇರುತ್ತದೆ. ಚಿತ್ರ ತೋರಿಸುವ ಪ್ರೋಗ್ರಾಂನಂತೆಯೇ ತುಂಡು ತುಂಡಾಗಿ ಅಳತೆ ನೋಡಿ ಇಂಥದ್ದನ್ನು ದಾಟುತ್ತಾ ಹೋಗುವ ಸಾಧನವೇ ಬೇಕು. ಎಕ್ಸಿಫ್‌ಟೂಲ್ ಆ ಕೆಲಸ ಮಾಡುತ್ತದೆ. ‘-ಟ್ರೇಲರ್:ಆಲ್=’ ಎಂದು ಕೊಟ್ಟು ಪಕ್ಕದಲ್ಲಿ ಫೈಲಿನ ಹೆಸರು ಬರೆದರೆ ಚಿತ್ರದ ನಂತರ ಇರುವುದನ್ನೆಲ್ಲ ಕತ್ತರಿಸುತ್ತದೆ, ಚುಕ್ಕಿಗಳನ್ನು ಮುಟ್ಟುವುದಿಲ್ಲ.

ಹೊಸಹೂವಿನ ಮೇಲೆ ಅದನ್ನು ಈಗಲೇ ಓಡಿಸಿದ್ದೇನೆ. ಬಾಲ ಹೋಯಿತು, ಅನ್‌ಜಿಪ್ ಈಗ ಇದರಲ್ಲಿ ಜಿಪ್ ಇಲ್ಲ ಎನ್ನುತ್ತಿದೆ. ಆದರೆ ಫೋಲ್ಡರ್ ನೋಡಿ, ಅದೇ ಹೆಸರಿನ ಕೊನೆಗೆ ‘_ಒರಿಜಿನಲ್’ ಎಂದಿರುವ ಇನ್ನೊಂದು ಫೈಲ್ ಬಂದು ಕೂತಿದೆ. ತಿದ್ದುವ ಮೊದಲು ಎಕ್ಸಿಫ್‌ಟೂಲ್ ತಾನಾಗಿಯೇ ಇಟ್ಟುಕೊಂಡ ಪ್ರತಿ ಅದು. ಅದರ ಅಳತೆ 3,10,220 ಬೈಟ್. ಅದನ್ನೂ ಅಳಿಸಿ.